ಗೋಡೆಯಾಚೆಯ ದೊಡ್ಡ ಗ್ಯಾಲಕ್ಸಿ

…ಅಥವಾ ಬೆಲ್ಲದ ಡಬ್ಬಿಯನ್ನು ಮೂಸಿ ನೋಡಿದ್ದು ಆ ಅಧಿಕಾರಿಯಲ್ಲ, ಅವನ ನಾಯಿ ಇರಬೇಕು. ಊರಿಗೆ ಬಂದ ಮೇಲೆ ಎಲ್ಲರಿಗೂ ಅಧಿಕಾರಿಯೇ ಮೂಸಿದ ಎಂದು ಹೇಳುತ್ತಾ ಬಂದಿದ್ದೇನೆ, ಏಕೆಂದರೆ ಹಾಗೆ ಹೇಳಿದಾಗ ಜನ ಹೆಚ್ಚು ನಗುತ್ತಾರೆ. ನನ್ನ ಹೆಂಡತಿ ಭಾಗ್ಯ ಹೇಳುವ ಪ್ರಕಾರ ಆ ವಿಮಾನ ನಿಲ್ದಾಣದಲ್ಲಿ ನಾಯಿಯೇ ಇರಲಿಲ್ಲ. ಅಧಿಕಾರಿಯೂ ಗಂಡಸಲ್ಲ, ಹೆಂಗಸು. ಆಕೆ ಡಬ್ಬಿ ತೆರೆಸಿ, ಒಳಗೆ ಒತ್ತಾಗಿ ಜೋಡಿಸಿದ್ದ ಚೌಕಾಕಾರದ ಅಚ್ಚು ಬೆಲ್ಲವನ್ನು ನೋಡಿ "ಇದು ಸೋಪೇ?" ಎಂದು ಕೇಳಿದಳು. ಭಾಗ್ಯ "ತಿನ್ನುವುದು" ಎಂದಳು. ಆಕೆ ನಂಬಲಿಲ್ಲ. ಭಾಗ್ಯ ಒಂದು ಅಚ್ಚನ್ನು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದಳು. ಇದೆಲ್ಲದರಲ್ಲಿ ಒಂದು ಮಾತಿಗೆ ಮಾತ್ರ ನಾವಿಬ್ಬರೂ ಸಹಿ ಹಾಕುತ್ತೇವೆ: ಬೆಲ್ಲ ಪಾರಾಯಿತು.

ಹೀಗಾಗಿ ಓದುವವರು ವಸಿ ಹುಷಾರಾಗಿರಬೇಕು. ಇಬ್ಬರು ಸಾಕ್ಷಿಗಳಿರುವ ಕಡೆ ಇಬ್ಬರ ಮಾತನ್ನೂ ಕೊಡುತ್ತೇನೆ. ಒಬ್ಬರೇ ಇರುವ ಕಡೆ ಆ ಸಾಕ್ಷಿ ನಾನು.

ಶ್ರೀರಂಗಪಟ್ಟಣ, ಹೊರಡುವ ಮೊದಲು

ನಿಜ ಹೇಳಬೇಕೆಂದರೆ ಹೋದವಳು ಭಾಗ್ಯ. ನಾನು ಕೆ.ಆರ್. ಪೇಟೆಯವನು, ಅವಳ ಪೆಟ್ಟಿಗೆ ಹಿಡಿದುಕೊಂಡು ಹಿಂದೆ ಹೋದವನು. ಅವಳು ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಈ ಬ್ರಹ್ಮಾಂಡ ಎಳೆಯದಾಗಿದ್ದ ಕಾಲದಲ್ಲಿ ಬೆಳಕು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ಲೆಕ್ಕ ಹಾಕುತ್ತಾಳೆ.

ಆ ಲೆಕ್ಕ ಏನೆಂಬುದನ್ನು ಅವಳು ತನ್ನ ಅಣ್ಣ ಬೋರೇಗೌಡರಿಗೆ ಹೇಳಿದಷ್ಟು ಚೆನ್ನಾಗಿ ನನಗೆ ಹೇಳಲು ಬಾರದು. ಅವರ ಊರು ಪಾಂಡವಪುರ ತಾಲ್ಲೂಕಿನ ಕಟ್ಟಕಡೆಯದು. ಊರ ಕೆರೆಯ ಆಚೆ ದಡ ಹತ್ತಿದರೆ ನಾಗಮಂಗಲ ತಾಲ್ಲೂಕು. ಹೊರಡುವ ಹಿಂದಿನ ದಿನ ಬೋರೇಗೌಡರು ಆಲೆಮನೆಯಿಂದ ನೇರವಾಗಿ ಬೆಲ್ಲ ತಂದು ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದರು.

"ಮೊದ್ಲು ಎಲ್ಲಾ ಕಡೆ ಹೈಡ್ರೋಜನ್ ಅನ್ನೋ ಅನಿಲ ಮುಸುಕ್ಕಂಡಿತ್ತು ಅಂದ್ಕೊ ಅಣ್ಣ," ಎಂದಳು ಭಾಗ್ಯ. "ಚಳಿಗಾಲದಲ್ಲಿ ಕಾವೇರಿ ಸೇತ್ವೆ ಮೇಲೆ ಮಂಜು ಬೀಳ್ತದಲ್ಲ, ಅಂಗೆ. ಆಮೇಲೆ ಗ್ಯಾಲಕ್ಸಿಗಳು ಹುಟ್ಕಂಡವು. ಅವುಗಳ ಬೆಳಕು ಸುತ್ತಮುತ್ತ ಇದ್ದ ಹೈಡ್ರೋಜನ್ನ ಒಡ್ದು ಮಂಜು ಕರಗಿಸ್ತು. ಒಂದೊಂದರ ಸುತ್ತ ಒಂದೊಂದು ಗುಳ್ಳೆ. ಗುಳ್ಳೆಗಳೆಲ್ಲಾ ಒಂದಕ್ಕೊಂದು ಸೇರ್ಕಂಡು ಕೊನೆಗೆ ತಿಳಿಯಾಯ್ತು."

"ನೀನ್ ಕಂಡ್ಯಾ?"

"ನಾನೆಲ್ ಕಾಣ್ಲಿ? ಕಂಪ್ಯೂಟರ್ನಾಗೆ ಮಾಡಿ ನೋಡ್ತೀವಿ."

"ನಡ್ದೋಗಿರೋದ್ನ ಮತ್ಯಾಕವ್ವ ಮಾಡ್ತೀರಿ?"

"ಮಂಜು ಕರಗಿಸ್ದೋರು ಯಾರು ಅಂತ ಗೊತ್ತಿಲ್ಲ ಕಣಣ್ಣ. ಯಾವೋ ನಾಕು ದೊಡ್ಡ ಗ್ಯಾಲಕ್ಸಿಗಳೋ, ಇಲ್ಲ ಲೆಕ್ಕಕ್ಕೇ ಸಿಗದಷ್ಟು ಸಣ್ಣವೋ."

ಬೋರೇಗೌಡರು ಯೋಚಿಸಿ, "ದೊಡ್ಡೋರು ಅಂತಲೇ ಬರ್ಕಳವ್ವ. ಮಾಡ್ದಿದ್ರೂ ಅವ್ರದ್ದೇ ತಾನೆ ಎಸ್ರು," ಎಂದರು.

ಕಂಪ್ಯೂಟರಿನೊಳಗೆ ಬೆಳಕಿನ ವೇಗವನ್ನು ಬೇಕೆಂದೇ ಇಳಿಸಿಕೊಂಡಿರುತ್ತಾರಂತೆ. ನಿಜವಾದ ಬೆಳಕಿನ ಹಿಂದೆ ಓಡಿ ಲೆಕ್ಕ ಹಾಕಲು ಯಾವ ಯಂತ್ರಕ್ಕೂ ಪುರುಸೊತ್ತಿಲ್ಲ. ಅದಕ್ಕೇ ಅದನ್ನು ನಿಧಾನ ಮಾಡಿ, ಉತ್ತರ ಹೆಚ್ಚು ಕೆಡದಂತೆ ನೋಡಿಕೊಳ್ಳುತ್ತಾರೆ. ಇದನ್ನು ಕೇಳಿದ ಬೋರೇಗೌಡರು, "ಅದ್ಕೆ ಅಷ್ಟ್ ದೂರ ಯಾಕ್ ಹೋಯ್ತೀರಿ ಭಾವ? ನಮ್ ಕರೆಂಟ್ ಆಪೀಸ್ನೋರ್ನ ಕೇಳಿದ್ರೆ ಬೆಳಕ್ನೇ ನಿಲ್ಸಿ ಕೊಡೋರು," ಎಂದು ನನ್ನ ಕಡೆ ನೋಡಿದರು.

ಭಾಗ್ಯಳ ಲೆಕ್ಕದಲ್ಲಿ ಒಂದು ಪುಟ್ಟ ಗ್ಯಾಲಕ್ಸಿ ಇದೆ. ನಾವು ಮನೆಯಲ್ಲಿ ಅದನ್ನು ಅಂಚಿನ ಗ್ಯಾಲಕ್ಸಿ ಎನ್ನುತ್ತೇವೆ, ಕಂಪ್ಯೂಟರಿನೊಳಗಿನ ಪೆಟ್ಟಿಗೆಯಾಕಾರದ ಅವಳ ಬ್ರಹ್ಮಾಂಡದ ಅಂಚಿನಲ್ಲಿರುವುದರಿಂದ. ಒಂದು ಬಗೆಯ ಬೆಳಕಿದೆ, ಹೈಡ್ರೋಜನ್ ಅದನ್ನು ಕಂಡೊಡನೆ ಹಿಡಿದು ಎತ್ತೆತ್ತಲೋ ಎಸೆಯುತ್ತದೆ. ಈ ಪುಟ್ಟದರಿಂದ ಆ ಬೆಳಕು ಆರಾಮಾಗಿ ಹೊರಗೆ ಬರುತ್ತಿತ್ತು. ಅಂದರೆ ಅದರ ಸುತ್ತ ಅಗಲವಾದ ಗುಳ್ಳೆಯಿದೆ. ಅಷ್ಟು ಅಗಲದ ಗುಳ್ಳೆ ಅದೊಂದರ ಕೈಯಲ್ಲಿ ಆಗುವುದಲ್ಲ. ಭಾಗ್ಯ ನೆರೆಹೊರೆಯನ್ನು ಎಣಿಸಿದಳು. ದೊಡ್ಡ ಗ್ಯಾಲಕ್ಸಿ ಒಂದೂ ಇಲ್ಲ. ಹಾಗಿದ್ದರೆ ಸಣ್ಣವೇ ಒಟ್ಟುಗೂಡಿ ಮಂಜು ಕರಗಿಸಿವೆ. ಇದು ಅವಳ ಮಾತು.

ಆ ಮಾತನ್ನು ಹೊರದೇಶದ ಗುಂಪೊಂದು ಒಪ್ಪಿದರೆ ಅವರ ಜಂಟಿ ಪ್ರಬಂಧದಲ್ಲಿ ಸೇರುತ್ತಿತ್ತು, ಅವರ ದೊಡ್ಡ ಕಂಪ್ಯೂಟರಿನಲ್ಲಿ ಅವಳಿಗೆ ಸಮಯ ಸಿಗುತ್ತಿತ್ತು. ಒಪ್ಪದಿದ್ದರೆ ಮುಗಿಯಿತು. ಅವಳು ಎರವಲು ಪಡೆದಿದ್ದ ಯಂತ್ರದ ಸಮಯ ಆಗಲೇ ಮುಗಿದಿತ್ತು. ಕಾಲೇಜಿನವರು ಇಂಥ ರಜೆ ಇದೊಂದೇ ಸಲ ಎಂದು ಬಾಯಿಬಿಟ್ಟು ಹೇಳಿದ್ದರು. ಆಮೇಲೆ ತರಗತಿಯಲ್ಲಿ ಬೆಳಕಿನ ಪಾಠ ಉಳಿಯುತ್ತಿತ್ತು, ಬೆಳಕಿನ ಲೆಕ್ಕ ನಿಲ್ಲುತ್ತಿತ್ತು.

ಹೆಸರು ಹೇಳದ ಊರು

ನೆದರ್ಲೆಂಡ್ಸಿನ ಒಂದು ಚಿಕ್ಕ ಊರು. ಹೆಸರು ಹೇಳಿದರೆ ಗುಂಪು ಯಾವುದೆಂದು ತಿಳಿಯುತ್ತದೆ, ನಾನು ಅವರ ಬಗ್ಗೆ ಆಡುವ ಮಾತಿಗೆ ಭಾಗ್ಯ ಉತ್ತರ ಕೊಡಬೇಕಾಗುತ್ತದೆ.

ರೈಲಿಳಿದು ಹೊರಗೆ ಬಂದಾಗ ಕೆಂಪು ಬಣ್ಣದ ನುಣುಪಾದ ದಾರಿಯೊಂದು ಕಂಡಿತು. ನಮ್ಮ ಕಡೆ ಕೆಂಪು ಹಾಸಿದರೆ ಅದು ಬರಮಾಡಿಕೊಳ್ಳುವುದಕ್ಕೆ. ನಾನು ಪೆಟ್ಟಿಗೆ ಸಮೇತ ಅದರ ನಡುವೆ ನಿಂತೆ. ಅದು ಸೈಕಲ್ಲಿನ ದಾರಿ. ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ, ಹಿಂದೆ ತರಕಾರಿ ಬುಟ್ಟಿ ಕಟ್ಟಿಕೊಂಡು, ಬ್ರೇಕು ಹಾಕುವ ಯೋಚನೆಯೇ ಇಲ್ಲದೆ ಬಂದಳು. ನಾನು ಹಾರಿದೆ, ಪೆಟ್ಟಿಗೆ ಬಿತ್ತು. ಹೋಗುತ್ತಾ ಆಕೆ ಹೇಳಿದ್ದರ ಅರ್ಥ ನನಗೆ ಗೊತ್ತಾಗಲಿಲ್ಲ. ಧಾಟಿ ಗೊತ್ತಾಯಿತು. ಕೆ.ಆರ್. ಪೇಟೆ ಸಂತೆಯಲ್ಲಿ ಟೊಮೆಟೊ ಒತ್ತಿ ನೋಡಿದರೆ ಅದೇ ಧಾಟಿ.

ಆ ದೇಶದ ತುಂಬ ಕಾಲುವೆಗಳು. ಎರಡು ದಿನ ನೋಡಿದರೂ ನೀರು ಯಾವ ಕಡೆ ಹರಿಯುತ್ತಿದೆ ಎಂದು ನನಗೆ ಹೊಳೆಯಲಿಲ್ಲ. ನಮ್ಮಲ್ಲಿ ನೀರನ್ನು ಹೊಲಕ್ಕೆ ತರಲು ಜಗಳವಾಡುತ್ತೇವೆ, ಅವರು ಹೊಲದಿಂದ ಆಚೆ ಹಾಕಲು ಸಭೆ ಸೇರುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಹಳ್ಳಿಯವರನ್ನು ಒಂದು ವಾರ ಅಲ್ಲಿ ಬಿಟ್ಟರೆ ಹುಚ್ಚು ಹಿಡಿದೀತು.

ಗುಂಪಿನ ಮುಖ್ಯಸ್ಥೆ ಹನ್ನೆಕೆ. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು. ಬಾಗಿಲಲ್ಲೇ ಭಾಗ್ಯಳ ಕೈ ಕುಲುಕಿ ಹೇಳಿದಳು, ಇದೇ ಅನುಕ್ರಮದಲ್ಲಿ: "ನಿಮ್ಮ ಕರಡು ಓದಿದೆ. ಉದ್ದವಾಯಿತು. ಎರಡನೆಯ ಚಿತ್ರ ಕೆಟ್ಟದಾಗಿದೆ. ಪ್ರಯಾಣ ಹೇಗಿತ್ತು?"

ಭಾಗ್ಯ ನನ್ನ ಕಡೆ ಬಾಗಿ ಮೆಲ್ಲಗೆ, "ನಮ್ಮಣ್ಣ ಕೋಟು ಹಾಕ್ಕಂಡಂಗವಳೆ ಕಣ್ರೀ," ಎಂದಳು.

ಅವಳಿಗೆ ಆ ಊರು ಅಂದೇ ಹಿಡಿಸಿತು. ಮೈಸೂರಿನ, ಬೆಂಗಳೂರಿನ ಸಭೆಗಳಲ್ಲಿ ಅವಳ ಕೆಲಸವನ್ನು ಹೊಗಳಿ, ಚಹಾ ಕೊಟ್ಟು, ಆಮೇಲೆ ಮರೆತವರೇ ಹೆಚ್ಚು. ಇಲ್ಲಿ ಯಾರೂ ಹೊಗಳಲಿಲ್ಲ, ಎಲ್ಲರೂ ಓದಿದ್ದರು.

ಮಧ್ಯಾಹ್ನ ತಣ್ಣನೆಯ ಬ್ರೆಡ್ಡು ಊಟ. ಬ್ರಹ್ಮಾಂಡದ ಹುಟ್ಟನ್ನು ಲೆಕ್ಕ ಹಾಕುವ ನರೆತ ಗಡ್ಡದವರು ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಚಾಕೊಲೇಟಿನ ಸಣ್ಣ ಕಡ್ಡಿಗಳನ್ನು ಉದುರಿಸಿಕೊಂಡು ತಿನ್ನುತ್ತಿದ್ದರು. ಯಾರ ಮುಖದಲ್ಲೂ ಸಂಕೋಚವಿರಲಿಲ್ಲ. ನಾನು ಬಿಸಿ ಸಾರಿನ ವಾಸನೆ ಎಲ್ಲಿಂದಾದರೂ ಬಂದೀತೇ ಎಂದು ಮೂಗರಳಿಸಿ ಕುಳಿತಿದ್ದೆ. ಬರಲಿಲ್ಲ.

ಹುಟ್ಟುಹಬ್ಬ, ಎರಡನೆಯ ದಿನವೋ ಮೂರನೆಯದೋ

ಆ ದಿನ ಭಾಗ್ಯಳ ಭಾಷಣ ಊಟದ ನಂತರ. ಅದೇ ದಿನ ಊಟದ ಹೊತ್ತಿಗೆ ಹನ್ನೆಕೆಯ ಹುಟ್ಟುಹಬ್ಬ. ಅಲ್ಲಿ ಹುಟ್ಟುಹಬ್ಬದವರೇ ತಮ್ಮ ಕೇಕನ್ನು ತರಬೇಕು. ಎಲ್ಲರೂ ಸುತ್ತ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಳಗೆ ಬಂದವರು ಹುಟ್ಟಿದವರನ್ನು ಮಾತ್ರವಲ್ಲ, ಗಂಡನನ್ನು, ತಾಯಿಯನ್ನು, ಪಕ್ಕದಲ್ಲಿ ಕುಳಿತ ಗೆಳತಿಯನ್ನು, ಎಲ್ಲರನ್ನೂ ಅಭಿನಂದಿಸುತ್ತಾ ಹೋಗುತ್ತಾರೆ. ಹುಟ್ಟಿದ್ದು ಒಬ್ಬರು, ಶ್ರೇಯಸ್ಸು ಇಡೀ ಸಾಲಿಗೆ. ನಾನೂ ಕೈ ಕುಲುಕುತ್ತಾ ಹೋದೆ. ಕೊನೆಯಲ್ಲಿ ನಿಂತಿದ್ದವರನ್ನು ವಿಶೇಷವಾಗಿ ಅಭಿನಂದಿಸಿದೆ. ಅವರು ಕಾಫಿ ಯಂತ್ರ ರಿಪೇರಿಗೆ ಬಂದವರಂತೆ. ಸಂತೋಷದಿಂದಲೇ ಸ್ವೀಕರಿಸಿದರು.

ಭಾಗ್ಯ ಕೇಕಿನ ಪಕ್ಕ ಬೆಲ್ಲದ ಡಬ್ಬಿ ಇಟ್ಟಳು. ಹನ್ನೆಕೆ ಒಂದು ಅಚ್ಚು ತಿಂದು "ವಿಪರೀತ ಸಿಹಿ" ಎಂದಳು. ಮತ್ತೊಂದು ತೆಗೆದುಕೊಂಡಳು.

ಆಗ ಪೆಟ್ಟಿಗೆಯ ಗೋಡೆಯ ಮಾತು ಬಂತು. ಕಂಪ್ಯೂಟರಿನಲ್ಲಿ ಇಡೀ ಬ್ರಹ್ಮಾಂಡ ಹಿಡಿಸುವುದಿಲ್ಲ, ಒಂದು ಪೆಟ್ಟಿಗೆಯಷ್ಟನ್ನು ಮಾತ್ರ ಮಾಡುತ್ತಾರೆ. ಹಾಗಾದರೆ ಬೆಳಕು ಗೋಡೆ ಮುಟ್ಟಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದೆ. ಇಷ್ಟನ್ನು ನಾನೇ ಕೇಳಿದ್ದು ಎಂದು ಭಾಗ್ಯಳೂ ಒಪ್ಪುತ್ತಾಳೆ.

ಅವಳು ಒಂದು ಅಚ್ಚನ್ನು ಮೇಜಿನ ಮೇಲಿಟ್ಟು, ಅದರ ಎಡಕ್ಕೊಂದು, ಬಲಕ್ಕೊಂದು ಅಚ್ಚು ಒತ್ತಿಟ್ಟಳು. "ನೋಡ್ರೀ, ಇದೇ ಪೆಟ್ಟಿಗೆ. ಪಕ್ಕದಲ್ಲಿರೋದೂ ಇದೇ. ಆ ಪಕ್ಕದಲ್ಲೂ ಇದೇ. ಈ ಬಲಗೋಡೆ ದಾಟಿ ಹೋದ ಬೆಳಕು ಎಡಗೋಡೆಯಿಂದ ಒಳಕ್ಕೆ ಬರ್ತದೆ."

ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಮ್ಮ ಈ ನಾಲ್ಕು ತಾಲ್ಲೂಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದೆ. ನಾಗಮಂಗಲದಿಂದ ಉತ್ತರದ ಗಡಿ ದಾಟಿದ ಬಸ್ಸು, ಪ್ರಯಾಣಿಕರಿಗೆ ಎಚ್ಚರವಾಗುವ ಮೊದಲೇ, ದಕ್ಷಿಣದಿಂದ ಶ್ರೀರಂಗಪಟ್ಟಣದೊಳಕ್ಕೆ ಬಂದುಬಿಡುತ್ತದೆ. ಯಾರಿಗೂ ಈ ನಾಲ್ಕು ತಾಲ್ಲೂಕು ಬಿಟ್ಟು ಹೋಗಲಾಗುವುದಿಲ್ಲ. ಕೆಲವರ ಬದುಕು ಹಾಗೆಯೇ ಇದೆಯಲ್ಲ ಎಂದುಕೊಂಡೆ.

ಭಾಗ್ಯಳ ಬೆರಳು ಎರಡು ಅಚ್ಚುಗಳ ನಡುವಿನ ಸಂದಿಯ ಮೇಲೆ ನಿಂತಿತ್ತು. ಅಲ್ಲಿಂದ ಕದಲಲಿಲ್ಲ.

ಇಲ್ಲಿ ಸಾಕ್ಷಿಗಳು ಬೇರೆಯಾಗುತ್ತಾರೆ. "ಹಾಗಾದರೆ ಗೋಡೆಯ ಆಚೆ ಯಾರಿದ್ದಾರೆ?" ಎಂದು ನಾನು ಕೇಳಿದೆ, ಆ ಪ್ರಶ್ನೆಯಿಂದ ಎಲ್ಲ ಬಯಲಾಯಿತು ಎಂದು ಕೆ.ಆರ್. ಪೇಟೆಯಲ್ಲಿ ಹತ್ತಾರು ಜನಕ್ಕೆ ಹೇಳಿದ್ದೇನೆ. ಪ್ರತಿ ಸಲ ಹೇಳಿದಾಗಲೂ ಆ ಪ್ರಶ್ನೆ ಸ್ವಲ್ಪ ಚೂಪಾಗಿದೆ. ಭಾಗ್ಯ ಹೇಳುವುದು, ನಾನು ಕೇಳಿದ್ದು "ಇನ್ನೊಂದು ಅಚ್ಚು ತಿನ್ನಲೇ?" ಎಂದು. ಮೂರನೆಯ ಸಾಧ್ಯತೆಯೂ ಇದೆ, ಯಾರೂ ಏನೂ ಕೇಳಲಿಲ್ಲ.

ಕಿಟಕಿಯ ಪಕ್ಕ

ಆದದ್ದು ಇಷ್ಟು. ಅಂಚಿನ ಗ್ಯಾಲಕ್ಸಿ ಇರುವುದು ಪೆಟ್ಟಿಗೆಯ ಎಡಗೋಡೆಗೆ ಅಂಟಿಕೊಂಡು. ಆ ಪೆಟ್ಟಿಗೆಯ ಅತಿ ದೊಡ್ಡ ಗ್ಯಾಲಕ್ಸಿ ಇರುವುದು ಬಲಗೋಡೆಗೆ ಅಂಟಿಕೊಂಡು. ಒಂದೇ ಅಚ್ಚಿನೊಳಗೆ ನೋಡಿದರೆ ಎರಡೂ ಎರಡು ತುದಿಯಲ್ಲಿವೆ. ಅಚ್ಚುಗಳನ್ನು ಪಕ್ಕಪಕ್ಕ ಒತ್ತಿದರೆ ನಡುವೆ ಬರೀ ಗೋಡೆ. ಅವಳ ಬೆಳಕಿಗೆ ಗೋಡೆ ದಾಟುವುದು ಗೊತ್ತಿತ್ತು. ನೆರೆಹೊರೆಯಲ್ಲಿ ಯಾರಿದ್ದಾರೆಂದು ಎಣಿಸುವ ಪುಟ್ಟ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. ಅದನ್ನು ಅವಳೇ ಒಂದು ಭಾನುವಾರ ಕುಳಿತು ಬರೆದಿದ್ದಳು. ಅದು ಗೋಡೆಯವರೆಗೆ ಎಣಿಸಿ ಕೈ ಮುಗಿದು ನಿಲ್ಲುತ್ತಿತ್ತು.

ಈ ತಪ್ಪನ್ನು ಬೇರೆ ದೇಶದವರು ಮಾಡಲಾರರು ಎಂದು ನಾನು ಹೇಳುವುದಿಲ್ಲ. ಆದರೆ ನಾವು ಮಾಡುವಷ್ಟು ಸಹಜವಾಗಿ ಮಾಡಲಾರರು. ತಾಲ್ಲೂಕಿನ ಗಡಿ ಕಲ್ಲಿನವರೆಗೆ ಎಣಿಸಿ ನಿಲ್ಲುವುದು ನಮ್ಮ ಆಡಳಿತದ ಉಸಿರು. ಭಾಗ್ಯಳ ಊರಿನ ಕೆರೆ ಒಂದು ವರ್ಷ ಮಳೆಯೇ ಸರಿಯಾಗಿ ಇಲ್ಲದೆ ತುಂಬಿ ಕೋಡಿ ಬಿತ್ತು. ಊರವರು ತಾವು ಹೂಳೆತ್ತಿದ ಕಟ್ಟೆಗಳಿಂದಲೇ ಎಂದರು. ಅಧಿಕಾರಿಗಳೂ ಹಾಗೇ ಬರೆದುಕೊಂಡರು. ಬಾಗಿನ ಬಿಟ್ಟು, ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡರು. ನಿಜವಾಗಿ ಗಡಿಯಾಚೆಯ ಮೇಲಿನ ಕೆರೆ ತುಂಬಿ, ಅದರ ನೀರು ಹರಿದು ಇದಕ್ಕೆ ಬಂದಿತ್ತು. ಅದನ್ನು ಯಾರೂ ನೋಡಲು ಹೋಗಲಿಲ್ಲ, ಅದು ನಾಗಮಂಗಲ ತಾಲ್ಲೂಕು.

ಕೇಕು ಹಂಚುತ್ತಿದ್ದವರನ್ನು ಬಿಟ್ಟು ಭಾಗ್ಯ ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ತೆರೆದಳು. ಗೋಡೆ ದಾಟಿ ಎಣಿಸುವಂತೆ ಪ್ರೋಗ್ರಾಮು ತಿದ್ದಿ ಓಡಿಸಿದಳು. ತಟ್ಟೆಯಲ್ಲಿದ್ದ ಕೇಕು ಹಾಗೇ ಉಳಿಯಿತು.

"ಐತೆ ಕಣ್ರೀ," ಎಂದಳು. "ದೊಡ್ಡದು ಪಕ್ಕದಲ್ಲೇ ಐತೆ."

"ಬೇರೆ ಯಾರ್ಗಾದ್ರೂ ಗೊತ್ತಾ?"

"ನಂಗ್ ಗೊತ್ತಾಯ್ತಲ್ಲ."

"ಇವತ್ತು ಇದ್ದಂಗೇ ಮಾತಾಡ್ಬುಡು. ಊರಿಗೋದ್ಮೇಲೆ ಸರಿ ಮಾಡ್ಕಂಡ್ರಾಯ್ತು." ಈ ಸಲಹೆ ಕೊಟ್ಟವನು ಬೇರೆ ಯಾರೋ ಎಂದು ಬರೆಯಬಹುದಿತ್ತು. ಸಾಕ್ಷಿ ಪಕ್ಕದ ಕೋಣೆಯಲ್ಲೇ ಕುಳಿತಿದ್ದಾಳೆ.

"ಊರಲ್ಲಿ ಯಾವ ಮಿಷೀನ್ ಐತೆ ಸರಿ ಮಾಡಕೆ?"

"ಅಂಗಾದ್ರೆ ಈ ತಪ್ನ ಹೇಳ್ಲೇಬೇಡ. ಒಪ್ಕಳ್ಳಿ, ಸಮಯ ಕೊಡ್ಲಿ, ಆಮೇಲೆ ಹೇಳು."

ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಮರೆತಿಲ್ಲ. ಇದರಲ್ಲಿ ನನ್ನ ನೆನಪು ಸರಿಯಾಗಿಯೇ ಇದೆ, ಏಕೆಂದರೆ ಇದರಲ್ಲಿ ನನಗೆ ಲಾಭವಿಲ್ಲ.

"ಸಣ್ಣವು ಮಾಡ್ನಿಲ್ಲ ಅಂತಲೂ ಅಲ್ಲ ಕಣ್ರೀ," ಎಂದಳು. "ದೊಡ್ಡದು ಪಕ್ಕದಲ್ಲಿತ್ತು ಅಷ್ಟೇ. ಮಂಜು ಕರಗಿಸಿದ್ದು ಅದೋ, ಇವೋ, ಇಬ್ಬರೂ ಸೇರ್ಕಂಡೋ, ಗೊತ್ತಿಲ್ಲ. ದೊಡ್ಡದ್ರ ಬೆಳಕು ಆರಿಸ್ಬುಟ್ಟು ಮೊದ್ಲಿಂದ ಓಡಿಸಿ ನೋಡ್ಬೇಕು. ಆ ಪುಟ್ಟದು ಆಗ್ಲೂ ಕಂಡ್ರೆ ನನ್ ಮಾತು ಸರಿ. ಕಾಣ್ದಿದ್ರೆ ತಪ್ಪು. ಓಡಿಸ್ದೆ ಯೆಂಗೇಳನ?"

ಸಭಾಂಗಣ

ಅವಳು ಹೇಳಿದಳು. ಮೊದಲ ಚಿತ್ರ ತೋರಿಸಿದಳು, ಗುಳ್ಳೆ ತೋರಿಸಿದಳು, ಆಮೇಲೆ ಗೋಡೆ ತೋರಿಸಿದಳು. "ಊಟದ ಹೊತ್ತಿನಲ್ಲಿ ನನ್ನ ಎಣಿಕೆಯ ತಪ್ಪು ನನಗೆ ಗೊತ್ತಾಯಿತು. ನನ್ನ ಮುಖ್ಯ ಮಾತಿಗೆ ಈಗ ಆಧಾರವಿಲ್ಲ," ಎಂದಳು. ನಮ್ಮ ಕಡೆಯಾಗಿದ್ದರೆ ಇಂಥ ಹೊತ್ತಿನಲ್ಲಿ ಯಾರಾದರೂ ಎದ್ದು, ಮೇಡಂ ಅವರ ದೊಡ್ಡ ಮನಸ್ಸು ಎಂದು ಹದಿನೈದು ನಿಮಿಷ ಮಾತಾಡುತ್ತಿದ್ದರು, ಮೂಲ ಪ್ರಶ್ನೆ ಅದರಡಿಯಲ್ಲಿ ಮುಚ್ಚಿಹೋಗುತ್ತಿತ್ತು. ಅಲ್ಲಿ ಹನ್ನೆಕೆ, "ಸರಿ. ಹಾಗಾದರೆ ಆ ವಾಕ್ಯ ಪ್ರಬಂಧದಲ್ಲಿ ಇರುವುದಿಲ್ಲ," ಎಂದಳು. ಅಷ್ಟೇ. ಒಂದು ಗೀಟು ಎಳೆದ ಹಾಗೆ.

ಆಮೇಲೆ ಸಭಾಂಗಣದಲ್ಲಿ ಒಂದೊಂದಾಗಿ ಲ್ಯಾಪ್‌ಟಾಪುಗಳು ತೆರೆದುಕೊಂಡವು. ಯಾರೂ ತಲೆಯೆತ್ತಲಿಲ್ಲ. ಕಾಫಿಯ ಹೊತ್ತಿಗೆ ನರೆತ ಗಡ್ಡದವರೊಬ್ಬರು, ಯಾರೂ ಕೇಳದಿದ್ದರೂ, "ನಮ್ಮದರಲ್ಲಿ ಆ ತೊಂದರೆಯಿಲ್ಲ," ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹೇಳಿದರು.

ಚಿತ್ರದ ಮೇಲೆ ಮಾತ್ರ ಬಹಳ ಹೊತ್ತು ಚರ್ಚೆಯಾಯಿತು. ಅಂಚಿನ ಗ್ಯಾಲಕ್ಸಿ, ಅದರ ಸುತ್ತ ನೀಲಿ ಗುಳ್ಳೆ, ಆಚೆ ಕಂದು ಮಂಜು. ಮಾತು ಬಿದ್ದುಹೋದರೂ ಚಿತ್ರ ಚೆನ್ನಾಗಿದೆ, ಅದನ್ನು ಮೊದಲ ಪುಟಕ್ಕೆ ಹಾಕೋಣ ಎಂದು ಎಲ್ಲರೂ ಒಪ್ಪಿದರು. ಇಷ್ಟು ಒಮ್ಮತ ಆ ವಾರ ಬೇರೆ ಯಾವ ವಿಷಯದಲ್ಲೂ ನಾನು ಕಾಣಲಿಲ್ಲ.

ಭಾಗ್ಯ ಹನ್ನೆಕೆಯ ಮುಂದೆ ನಿಂತು, "ದೊಡ್ಡದನ್ನು ಆರಿಸಿ ಒಂದು ಸಲ ಓಡಿಸಲು ಸಮಯ ಕೊಡಿ. ಒಂದೇ ಸಲ," ಎಂದಳು.

"ತಪ್ಪನ್ನು ಹೇಳಿದ್ದು ಒಳ್ಳೆಯದಾಯಿತು," ಎಂದಳು ಹನ್ನೆಕೆ. "ಅದಕ್ಕಾಗಿ ಯಂತ್ರದ ಸಮಯ ಕೊಡುವ ಪದ್ಧತಿ ನಮ್ಮಲ್ಲಿಲ್ಲ."

ಭಾಗ್ಯ ಅಲ್ಲಿಂದ ಕದಲಲಿಲ್ಲ. ನಾನು ಬಾಗಿಲ ಬಳಿ ಎರಡೂ ಕೋಟುಗಳನ್ನು ಹಿಡಿದು ನಿಂತಿದ್ದೆ.

"ಆದರೆ ಪ್ರಶ್ನೆ ಚೆನ್ನಾಗಿದೆ," ಎಂದಳು ಹನ್ನೆಕೆ, ಯಾರ ಮೇಲೋ ಸಿಟ್ಟಾದವಳಂತೆ. "ಸರದಿಯಲ್ಲಿ ಹಾಕಿ. ಕೊನೆಯಲ್ಲಿ."

ಹೊರಡುವಾಗ ಮೂರು ನಾಲ್ಕು ಜನ ನನ್ನ ಕೈ ಕುಲುಕಿ ಅಭಿನಂದಿಸಿದರು. ಭಾಗ್ಯಳ ಭಾಷಣಕ್ಕೋ, ಹನ್ನೆಕೆಯ ಹುಟ್ಟುಹಬ್ಬಕ್ಕೋ ಕೇಳಲು ಧೈರ್ಯವಾಗಲಿಲ್ಲ.

ಪಾಂಡವಪುರ, ಬಂದ ಮೇಲೆ

ಬಂದ ವಾರವೇ ಪಾಂಡವಪುರದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಬೋರೇಗೌಡರು ಸಿಕ್ಕರು. ಭಾಗ್ಯ ಎಲ್ಲವನ್ನೂ ಹೇಳಿದಳು. ಅವರು ಇಡ್ಲಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು.

"ನೀನೇ ಏಳ್ಬುಟ್ಯಾ? ಅವ್ರು ಇಡೀನಿಲ್ವಾ?"

"ಅವ್ರು ಹಿಡೀನಿಲ್ಲ."

"ಅಲ್ ಕಣವ್ವ, ಅಷ್ಟ್ ದೂರ ಇಮಾನ್ದಾಗೆ ಓಗಿ, ಗೊತ್ತಿಲ್ಲ ಅಂತ ಏಳ್ಬುಟ್ ಬಂದ್ಯಾ?"

"ಊಂ ಕಣಣ್ಣ."

"ಭಾವ, ನೀವಾದ್ರೂ ತಡೀಬಾರ್ದಾ?"

ನಾನು ಕಾಫಿಯ ಲೋಟದೊಳಗೆ ನೋಡಿದೆ. ಭಾಗ್ಯ, "ಅವ್ರೇನೋ ತಡುದ್ರು ಬುಡಣ್ಣ," ಎಂದಳು.

ಬೋರೇಗೌಡರು ತಮ್ಮ ತಟ್ಟೆಯಲ್ಲಿದ್ದ ವಡೆಯನ್ನು ತಂಗಿಯ ತಟ್ಟೆಗೆ ಹಾಕಿ, "ತಿನ್ನು. ಸೊರ್ಗೋಗಿದ್ದೀಯ," ಎಂದರು.

ಜಂಟಿ ಪ್ರಬಂಧ ಈಗ ಹೊರಬಂದಿದೆ. ಮೊದಲ ಪುಟದಲ್ಲಿ ಅಂಚಿನ ಗ್ಯಾಲಕ್ಸಿ ಹೊಳೆಯುತ್ತಿದೆ, ಯಾರು ಮಂಜು ಕರಗಿಸಿದ್ದರಿಂದ ಎಂದು ಕೆಳಗೆ ಬರೆದಿಲ್ಲ. ಕಾಲೇಜಿನವರು ಆ ಚಿತ್ರವನ್ನು ಹಿಗ್ಗಿಸಿ ಪ್ರವೇಶದ್ವಾರದಲ್ಲಿ ತೂಗುಹಾಕಿ, ಭಾಗ್ಯಳಿಗೆ ಶಾಲು ಹೊದಿಸಿದರು. ರಜೆಯ ಬಗ್ಗೆ ಮಾತ್ರ ಮೊದಲು ಹೇಳಿದ್ದನ್ನೇ ಹೇಳಿದರು.

ಅವಳ ಲೆಕ್ಕದ ಓಟ ಇನ್ನೂ ಹನ್ನೆಕೆಯವರ ಯಂತ್ರದ ಸರದಿಯಲ್ಲಿದೆ. ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಅವಳು ನೋಡುತ್ತಾಳೆ. ಕೆಲವು ದಿನ ಮುಂದೆ ಸರಿದಿರುತ್ತದೆ. ಕೆಲವು ದಿನ ಯಾರೋ ತುರ್ತಿನವರು ನಡುವೆ ನುಗ್ಗಿ ಹಿಂದೆ ಬಿದ್ದಿರುತ್ತದೆ. ದೊಡ್ಡದನ್ನು ಆರಿಸಿದರೆ ಆ ಪುಟ್ಟದು ಮಂಜಿನಲ್ಲಿ ಮುಳುಗುತ್ತದೆಯೋ, ಇಲ್ಲ ಸುತ್ತಲಿನ ಸಣ್ಣವುಗಳ ಬೆಳಕಿನಲ್ಲೇ ಕಾಣುತ್ತದೆಯೋ, ನನಗೆ ಗೊತ್ತಿಲ್ಲ. ಭಾಗ್ಯಳಿಗೂ ಗೊತ್ತಿಲ್ಲ.